ಎ ಪ್ಲಸ್ ಪರೀಕ್ಷೆಗೆ ಪುಸ್ತಕ ಆರಿಸುವಾಗ ನಾನು ನೋಡುವುದೇನು?

ನಮ್ಮ ಸಪೋರ್ಟ್ ತಂಡಕ್ಕೆ ಹೊಸದಾಗಿ ಸೇರಿದವರು ಕಾಂಪ್‌ಟಿಯಾ ಎಂಬ ಸಂಸ್ಥೆ ಕಂಪ್ಯೂಟರ್ ಸಪೋರ್ಟ್ ಕೆಲಸದವರಿಗೆ ನಡೆಸುವ ಎ ಪ್ಲಸ್ ಪರೀಕ್ಷೆ ಬರೆಯಬೇಕೆಂದು ಮನಸ್ಸು ಮಾಡಿದ ಕೂಡಲೇ ಬಂದು ಕೇಳುವುದು ಒಂದೇ ಮಾತು: ‘ಯಾವ ಪುಸ್ತಕ ತಗೊಳ್ಲಿ ಸರ್?’ ಅವರನ್ನು ಕೆಲಸಕ್ಕೆ ಪಳಗಿಸುವ ಹೊಣೆ ನನ್ನದಾದ್ದರಿಂದ ಈ ಪ್ರಶ್ನೆಗೆ ಬಾಯಿಗೆ ಬಂದ ಹೆಸರು ಹೇಳಿ ಕಳಿಸಲು ನನಗೆ ಮನಸ್ಸಾಗುವುದಿಲ್ಲ. ಪುಸ್ತಕ ಸರಿಹೊಂದದಿದ್ದರೆ ದುಡ್ಡು ಹೋಗುತ್ತದೆ, ಅದಿರಲಿ. ಚುರುಕಾದ ಹುಡುಗ ಹುಡುಗಿಯರು ‘ಇದು ನನ್ನ ತಲೆಗೆ ಹತ್ತೋದಲ್ಲ’ ಎಂದು ಓದನ್ನೇ ಬಿಟ್ಟುಬಿಡುತ್ತಾರಲ್ಲ, ಅದು ನನಗೆ ನಿಜಕ್ಕೂ ಸಂಕಟದ ವಿಷಯ.

ಹಾಗಾಗಿ ಪುಸ್ತಕದ ಮಾತಿಗೂ ಮೊದಲು ಒಂದು ಕೆಲಸ ಹೇಳುತ್ತೇನೆ. ಕಾಂಪ್‌ಟಿಯಾದವರೇ ಉಚಿತವಾಗಿ ಕೊಡುವ ಎಕ್ಸಾಂ ಆಬ್ಜೆಕ್ಟಿವ್ಸ್ ಪಿಡಿಎಫ್ ಇಳಿಸಿಕೊಂಡು, ಪ್ರಿಂಟ್ ತೆಗೆದು, ಒಮ್ಮೆ ಪೂರ್ತಿ ಓದಿ ಬನ್ನಿ ಅಂತ. ಪರೀಕ್ಷೆಯ ಸಿಲಬಸ್ ಅಂದರೆ ಅದೇ. ಎ ಪ್ಲಸ್‌ಗೆ ಕೋರ್ 1, ಕೋರ್ 2 ಎಂದು ಎರಡು ಪೇಪರು. ಒಂದೊಂದರಲ್ಲೂ ಹೆಚ್ಚೆಂದರೆ 90 ಪ್ರಶ್ನೆ, 90 ನಿಮಿಷ. 100ರಿಂದ 900ರವರೆಗಿನ ಅಳತೆಯಲ್ಲಿ ಮೊದಲನೆಯದಕ್ಕೆ 675, ಎರಡನೆಯದಕ್ಕೆ 700 ಬಂದರೆ ಪಾಸು. ಯಾವ ಭಾಗಕ್ಕೆ ಎಷ್ಟು ತೂಕ ಎನ್ನುವುದೂ ಆ ಪಿಡಿಎಫ್‌ನಲ್ಲೇ ಇದೆ. ಈಗಿನ ಕೋರ್ 1ರಲ್ಲಿ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ಟ್ರಬಲ್‌ಶೂಟಿಂಗ್‌ಗೆ (ದೋಷ ಹುಡುಕಿ ಸರಿಪಡಿಸುವುದಕ್ಕೆ) ಶೇ. 28, ಹಾರ್ಡ್‌ವೇರ್‌ಗೆ ಶೇ. 25, ನೆಟ್‌ವರ್ಕಿಂಗ್‌ಗೆ ಶೇ. 23. ಈ ಅಂಕಿಗಳನ್ನು ಕೈಯಲ್ಲಿಟ್ಟುಕೊಂಡು ಪುಸ್ತಕದ ಪರಿವಿಡಿ ತೆರೆಯಿರಿ. ಟ್ರಬಲ್‌ಶೂಟಿಂಗ್ ಅಧ್ಯಾಯವನ್ನು ಕೊನೆಯಲ್ಲಿ ನಾಲ್ಕಾರು ಪುಟಕ್ಕೆ ಮುಗಿಸಿ, ಮದರ್‌ಬೋರ್ಡಿನ ಅಳತೆಗಳಿಗೆ ಎರಡು ಅಧ್ಯಾಯ ಕೊಟ್ಟ ಪುಸ್ತಕವಾದರೆ ಅಲ್ಲೇ ಇಟ್ಟುಬಿಡಿ. ಪರೀಕ್ಷೆ ಕೇಳುವುದೂ, ದಿನಬೆಳಗಾದರೆ ನಮ್ಮ ದೂರುಗಳ ಕ್ಯೂಗೆ ಬಂದು ಬೀಳುವುದೂ ಟ್ರಬಲ್‌ಶೂಟಿಂಗೇ.

ಪರೀಕ್ಷೆಯ ಕೋಡ್ ನೋಡುವುದನ್ನು ಮರೆಯಬೇಡಿ. ಈಗ ನಡೆಯುತ್ತಿರುವುದು 2025ರ ಮಾರ್ಚ್‌ನಲ್ಲಿ ಬಂದ 220-1201 ಮತ್ತು 220-1202. ಅದಕ್ಕೂ ಹಿಂದಿನ 1101, 1102ರ ಇಂಗ್ಲಿಷ್ ಪರೀಕ್ಷೆ 2025ರ ಸೆಪ್ಟೆಂಬರ್‌ಗೆ ನಿಂತಿತು. ಒಂದು ಪೇಪರು ಹಳೆಯ ಸರಣಿಯದು, ಇನ್ನೊಂದು ಹೊಸದು ಎಂದು ಬೆರೆಸಿ ಸರ್ಟಿಫಿಕೇಟ್ ಪಡೆಯುವ ಹಾಗಿಲ್ಲ. ಸೀನಿಯರ್ ಯಾರೋ ಪ್ರೀತಿಯಿಂದ ಕೊಟ್ಟ ಹಳೆಯ ಪುಸ್ತಕವಿದ್ದರೆ ಎಸೆಯಬೇಕಾಗಿಲ್ಲ. ಪ್ರಿಂಟರು, ಕೇಬಲ್, ಪೋರ್ಟ್ ಸಂಖ್ಯೆ, ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ವಿಧಾನ) ಇವೆಲ್ಲ ಅದರಲ್ಲೂ ಚೆನ್ನಾಗಿಯೇ ಇರುತ್ತವೆ. ದೂರದ ಕಂಪ್ಯೂಟರನ್ನು ಇಲ್ಲಿಂದಲೇ ನಡೆಸುವ ಆರ್‌ಡಿಪಿಗೆ ಪೋರ್ಟ್ ಸಂಖ್ಯೆ 3389 ಅಂದರೆ ಎಲ್ಲ ಆವೃತ್ತಿಯಲ್ಲೂ 3389. ಆದರೆ ಮುಖ್ಯವಾಗಿ ಓದುವ ಪುಸ್ತಕದ ಮುಖಪುಟದ ಮೇಲೆ ನೀವು ಬರೆಯುವ ಪರೀಕ್ಷೆಯ ಕೋಡೇ ಇರಬೇಕು. ಸೆಕ್ಯುರಿಟಿ, ವಿಂಡೋಸ್ 11, ಮೊಬೈಲ್ ಭಾಗಗಳು ಬೇಗ ಬದಲಾಗುವಂಥವು.

ಕೋಡ್ ಸರಿಯಿದೆ, ಪರಿವಿಡಿಯೂ ಸರಿಯಿದೆ, ಆದರೂ ಎರಡು ಮೂರು ಪುಸ್ತಕಗಳು ಕಣ್ಣಮುಂದೆ ಉಳಿಯುತ್ತವೆ. ಆಗ ನಾನು ಲೇಸರ್ ಪ್ರಿಂಟರಿನ ಪುಟ ತೆಗೆಸುತ್ತೇನೆ. ಆನ್‌ಲೈನ್ ಅಂಗಡಿಯ ಸ್ಯಾಂಪಲ್ ಪುಟಗಳಲ್ಲಿ ಅದು ಇಲ್ಲದಿದ್ದರೆ ಇರುವ ಯಾವ ವಿಷಯವಾದರೂ ಆದೀತು. ಒಮ್ಮೆ ನಮ್ಮ ಟ್ರೈನಿ ಒಬ್ಬಳು ಎರಡು ಪುಸ್ತಕ ತಂದು ನನ್ನ ಮೇಜಿನ ಮೇಲೆ ಪಕ್ಕಪಕ್ಕ ತೆರೆದಿಟ್ಟಳು. ಒಂದರಲ್ಲಿ ಪ್ರೊಸೆಸಿಂಗ್, ಚಾರ್ಜಿಂಗ್, ಎಕ್ಸ್‌ಪೋಸಿಂಗ್, ಡೆವಲಪಿಂಗ್, ಟ್ರಾನ್ಸ್‌ಫರಿಂಗ್, ಫ್ಯೂಸಿಂಗ್, ಕ್ಲೀನಿಂಗ್ ಎಂದು ಏಳು ಹಂತಗಳನ್ನು ಬಣ್ಣದ ಚೌಕದೊಳಗೆ ಹಾಕಿ, ಬಾಯಿಪಾಠಕ್ಕೆ ಒಂದು ಸೂತ್ರ ಕೊಟ್ಟು ಮುಗಿಸಿದ್ದರು. ಇನ್ನೊಂದರಲ್ಲಿ ಚಿತ್ರ ಅಷ್ಟು ಚಂದವಿರಲಿಲ್ಲ. ಆದರೆ ಒಂದೊಂದು ಹಂತ ಕೆಟ್ಟರೆ ಹಾಳೆಯ ಮೇಲೆ ಏನು ಕಾಣುತ್ತದೆ ಎಂದು ಬರೆದಿದ್ದರು: ಶಾಯಿಪುಡಿಯನ್ನು ಕಾಯಿಸಿ ಅಂಟಿಸುವ ಫ್ಯೂಸರ್ ಸರಿಯಾಗಿ ಬಿಸಿಯಾಗದಿದ್ದರೆ ಆ ಪುಡಿ, ಅಂದರೆ ಟೋನರ್, ಹಾಳೆಗೆ ಅಂಟುವುದಿಲ್ಲ, ಬೆರಳಿನಿಂದ ಉಜ್ಜಿದರೆ ಅಕ್ಷರ ಅಳಿಸಿಹೋಗುತ್ತದೆ, ಚಿತ್ರ ಮೂಡುವ ಉರುಳೆಯಾದ ಡ್ರಮ್ಮಿನ ಮೇಲೆ ಗೀರು ಬಿದ್ದಿದ್ದರೆ ಒಂದೇ ಅಂತರದಲ್ಲಿ ಅದೇ ಕಲೆ ಮತ್ತೆ ಮತ್ತೆ ಮೂಡುತ್ತದೆ. ಆಕೆ ಎರಡನೆಯದನ್ನೇ ಇಟ್ಟುಕೊಂಡಳು. ಮುಂದೆ ಅಕೌಂಟ್ಸ್ ವಿಭಾಗದಿಂದ ‘ಪ್ರಿಂಟ್ ಮುಟ್ಟಿದರೆ ಕೈಗೆ ಕಪ್ಪು ಹತ್ತುತ್ತೆ’ ಎಂಬ ಟಿಕೆಟ್ (ದೂರು) ಬಂದಾಗ, ಟೋನರ್ ಕಾರ್ಟ್ರಿಜ್ ಬದಲಿಸೋಣ ಎಂದು ಹೊರಟಿದ್ದ ಸಹೋದ್ಯೋಗಿಯನ್ನು ತಡೆದು, ‘ಮೊದಲು ಫ್ಯೂಸರ್ ನೋಡೋಣ’ ಎಂದವಳು ಅವಳೇ. ನನಗೆ ಆಗ ಆದ ಸಂತೋಷ ಅಷ್ಟಿಷ್ಟಲ್ಲ.

ನೆಟ್‌ವರ್ಕಿಂಗ್ ಅಧ್ಯಾಯಕ್ಕೂ ಇದೇ ಪರೀಕ್ಷೆ. 169.254ರಿಂದ ಶುರುವಾಗುವ ಐಪಿ ವಿಳಾಸದ ಬಗ್ಗೆ ಪುಸ್ತಕ ಏನು ಹೇಳುತ್ತದೆ ನೋಡಿ. ‘ಇದು ಎಪಿಪಾ’ ಎಂದು ಹೆಸರು ಹೇಳಿ ಸುಮ್ಮನಾದರೆ ಸಾಲದು. ಆ ಕಂಪ್ಯೂಟರಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಸಿಕ್ಕಿಲ್ಲ, ಅದಕ್ಕೆ ತನಗೆ ತಾನೇ ವಿಳಾಸ ಕೊಟ್ಟುಕೊಂಡಿದೆ. ಪಕ್ಕದ ಕಂಪ್ಯೂಟರಿಗೆ ಸರಿಯಾದ ವಿಳಾಸ ಬಂದಿದೆಯೇ ನೋಡಿ, ಬಂದಿದ್ದರೆ ಈ ಕೇಬಲ್ಲು, ಈ ಪೋರ್ಟು ಮೊದಲು ನೋಡಿ, ಯಾರಿಗೂ ಬಂದಿಲ್ಲದಿದ್ದರೆ ಸರ್ವರ್ ಕಡೆ ಹೋಗಿ, ಎಂದು ದಾರಿ ತೋರಿಸುವ ಪುಸ್ತಕ ಬೇಕು. ಪರೀಕ್ಷೆಯ ಪ್ರಶ್ನೆಗಳು ಹೆಚ್ಚಾಗಿ ಒಂದು ಸನ್ನಿವೇಶ ಹೇಳಿ ‘ಮೊದಲು ಏನು ಮಾಡುತ್ತೀರಿ’ ಎಂದೇ ಕೇಳುತ್ತವೆ. ನಾಲ್ಕೂ ಉತ್ತರ ಸರಿಯೆಂದೇ ತೋರುತ್ತದೆ. ಹೆಸರು ಮಾತ್ರ ಗೊತ್ತಿದ್ದವರು ತಡವರಿಸುವುದು ಅಲ್ಲೇ.

ಮುಖ್ಯ ಪುಸ್ತಕ ಒಂದೇ ಸಾಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮೂರು ದಪ್ಪ ಪುಸ್ತಕ ತಂದವರು ಮೂರರದ್ದೂ ಮೊದಲ ಅಧ್ಯಾಯ ಓದಿ ನಿಲ್ಲಿಸುವುದನ್ನು ಬೇಕಾದಷ್ಟು ನೋಡಿದ್ದೇನೆ. ಅದರ ಜೊತೆಗೆ ಪ್ರಾಕ್ಟೀಸ್ ಪ್ರಶ್ನೆಗಳ ಪುಸ್ತಕ ಒಂದಿರಲಿ. ಅದನ್ನು ಆರಿಸುವಾಗ ಪ್ರಶ್ನೆ ಎಷ್ಟಿದೆ ಎಂದು ಎಣಿಸಬೇಡಿ, ಉತ್ತರದ ಪುಟಗಳಿಗೆ ಹೋಗಿ. ‘ಸರಿ ಉತ್ತರ: ಸಿ’ ಎಂದು ಅಷ್ಟೇ ಇದೆಯೋ, ಉಳಿದ ಮೂರು ಯಾಕೆ ತಪ್ಪು ಎಂದೂ ಬಿಡಿಸಿ ಹೇಳಿದ್ದಾರೋ? ಬಿಡಿಸಿ ಹೇಳಿದ್ದರೆ ಒಂದು ಪ್ರಶ್ನೆಯಿಂದ ನಾಲ್ಕು ವಿಷಯ ಕಲಿಯುತ್ತೀರಿ.

‘ನಿಜವಾದ ಪ್ರಶ್ನೆಗಳೇ ಇವೆ, ಇದನ್ನು ಓದಿದರೆ ಪಾಸು ಗ್ಯಾರಂಟಿ’ ಎಂದು ಕೈಯಿಂದ ಕೈಗೆ ಹೋಗುವ ಡಂಪ್ ಫೈಲುಗಳನ್ನು ನಮ್ಮ ತಂಡದಲ್ಲಿ ಯಾರೂ ಮುಟ್ಟಬಾರದು ಎಂದು ಮೊದಲ ದಿನವೇ ಹೇಳುತ್ತೇನೆ. ಪರೀಕ್ಷೆಗೆ ಕೂರುವ ಮುನ್ನ ಒಪ್ಪಿಕೊಳ್ಳುವ ನಿಯಮಗಳಲ್ಲೇ ಅದಕ್ಕೆ ನಿಷೇಧವಿದೆ, ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗಬಹುದು. ಅದಕ್ಕಿಂತ ಹೆಚ್ಚಾಗಿ, ಹಾಗೆ ಪಾಸಾದವರನ್ನು ನಂಬಿ ಬಳಕೆದಾರರ ಫೈಲುಗಳಿರುವ ಯಂತ್ರವನ್ನು ನಾನು ಹೇಗೆ ಒಪ್ಪಿಸಲಿ?

ಕೊನೆಯದಾಗಿ, ಅಧ್ಯಾಯದ ಕೊನೆಗೆ ಕೈಯಾರೆ ಮಾಡುವ ಲ್ಯಾಬ್ ಅಭ್ಯಾಸ ಇರುವ ಪುಸ್ತಕಕ್ಕೆ ಆದ್ಯತೆ ಕೊಡಿ. ಪರೀಕ್ಷೆಯಲ್ಲಿ ಆಯ್ಕೆಯ ಪ್ರಶ್ನೆಗಳಲ್ಲದೆ ಪರದೆಯ ಮೇಲೆ ಕೆಲಸ ಮಾಡಿ ತೋರಿಸಬೇಕಾದ ಪಿಬಿಕ್ಯೂಗಳೂ ಇರುತ್ತವೆ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ವಿಂಡೋಸ್ ಹಾಕಿಕೊಂಡು ಡಿಸ್ಕ್ ಪಾರ್ಟಿಷನ್ ಮಾಡಿ, ಯೂಸರ್ ಅಕೌಂಟ್ ತೆರೆದು ಪರ್ಮಿಷನ್ ಕೊಟ್ಟು ತೆಗೆದು ನೋಡಿ. ಎಷ್ಟು ಕೆಡಿಸಿದರೂ ಮೊದಲೇ ಉಳಿಸಿಟ್ಟ ಸ್ಥಿತಿಗೆ, ಅಂದರೆ ಸ್ನ್ಯಾಪ್‌ಶಾಟಿಗೆ, ಮರಳಬಹುದು. ವಿಂಡೋಸ್ ಹೋಂ ಆವೃತ್ತಿಯಲ್ಲಿ ಕಂಪ್ಯೂಟರಿನ ನಿಯಮಗಳನ್ನು ಹೊಂದಿಸುವ ಗ್ರೂಪ್ ಪಾಲಿಸಿ ಎಡಿಟರ್ ಇರುವುದಿಲ್ಲ, ಕಚೇರಿಯ ಕಂಪ್ಯೂಟರುಗಳನ್ನು ಒಂದೇ ಕಡೆಯಿಂದ ನಿಭಾಯಿಸುವ ಡೊಮೇನ್‌ಗೆ ಸೇರಿಸಲೂ ಆಗುವುದಿಲ್ಲ, ಆದ್ದರಿಂದ ಕೋರ್ 2ರ ಅಭ್ಯಾಸಕ್ಕೆ ಪ್ರೊ ಆವೃತ್ತಿಯನ್ನೇ ಹಾಕಿಕೊಳ್ಳಿ.