ಬೆಳ್ಳಿಯ ತಾಲೀಮು: ಆರನೇ ವಾರದ ತನಕ

ಬೆಳ್ಳಿ ನಮ್ಮ ಮುಧೋಳ ನಾಯಿ. ವಯಸ್ಸು 14 ತಿಂಗಳು. ಧಾರವಾಡದ ನಮ್ಮ ಮನೆಗೆ ಬರುವ ಮುಂಚೆ ಒಬ್ಬರ ಹತ್ತಿರ ತರಬೇತಿಗೆ ಹೋಗಿದ್ದಳಂತೆ. ಅಲ್ಲಿ ಸರಪಳಿ ಜಗ್ಗಿ ಕಲಿಸುತ್ತಿದ್ದರು. ಅಲ್ಲಿ ಅವಳು ಕಲಿತಿದ್ದು ಒಂದೇ: ಯಾರ ಕೈಯಲ್ಲಾದರೂ ಹಗ್ಗ ಕಂಡರೆ ಮಂಚದ ಕೆಳಗೆ ಸೇರುವುದು. ಹಾಗಾಗಿ ಈ ಸಲ ಹೊಡೆಯುವುದಿಲ್ಲ, ಜಗ್ಗುವುದಿಲ್ಲ ಅಂತ ತೀರ್ಮಾನಿಸಿದೆ. ಸರಿ ಮಾಡಿದರೆ ಬಹುಮಾನ. ತಪ್ಪಾದರೆ ಸುಮ್ನೆ ಇನ್ನೊಂದು ಸಲ.

ಮೊದಲ ವಾರ ಒಂದು ಗುರುತಿನ ಸದ್ದು ಕಲಿಸಿದೆ. ನಾಯಿ ಸರಿಯಾದದ್ದು ಮಾಡಿದ ಆ ಕ್ಷಣಕ್ಕೇ ‘ಇದೇ, ಇದಕ್ಕೇ ತಿಂಡಿ’ ಅಂತ ತಿಳಿಯಬೇಕು. ಜೇಬಿನಿಂದ ತಿಂಡಿ ತೆಗೆಯುವಷ್ಟರಲ್ಲಿ ಅದು ಬೇರೇನೋ ಮಾಡುತ್ತಿರುತ್ತದೆ. ಡಾಲ್ಫಿನ್ ಪಳಗಿಸುವವರು ಸೀಟಿ ಊದುವುದೂ ಇದಕ್ಕೇ. ನೀರಿನಿಂದ ಮೇಲಕ್ಕೆ ಹಾರಿದ ಡಾಲ್ಫಿನ್ ಬಾಯಿಗೆ ಅದೇ ಗಳಿಗೆಯಲ್ಲಿ ಮೀನು ಇಡಲು ಆಗುವುದಿಲ್ಲ ಅಲ್ವಾ? ನಾನು ಆರಿಸಿಕೊಂಡ ಸದ್ದು ‘ಭೇಷ್’. ಭೇಷ್ ಅನ್ನುವುದು, ಕಡಲೆಕಾಳಿನಷ್ಟು ಬೇಯಿಸಿದ ಕೋಳಿ ಕೊಡುವುದು. ಉಪ್ಪಿಲ್ಲ, ಈರುಳ್ಳಿ ಮೊದಲೇ ಇಲ್ಲ. ಎರಡೇ ದಿನಕ್ಕೆ ಮಾತು ಕೇಳಿದ ತಕ್ಷಣ ಕತ್ತು ತಿರುಗಿಸತೊಡಗಿದಳು.

ಎರಡನೇ ವಾರ ಎಲ್ಲ ಕೆಟ್ಟಿತು. ಅಪ್ಪ ದಿನಾ ಸಂಜೆ ಮಲ್ಲಿಕಾರ್ಜುನ ಮನ್ಸೂರರ ಹಾಡು ಹಚ್ಚಿಕೊಂಡು ಕೂರುತ್ತಾರೆ. ಒಂದೊಂದು ತಾನ್ ಮುಗಿದಾಗಲೂ ತೊಡೆ ತಟ್ಟಿ “ಭೇಷ್!” ಬೆಳ್ಳಿ ಹಿತ್ತಲಿಂದ ಓಡಿ ಬಂದು ಕುರ್ಚಿಯ ಮುಂದೆ ನಿಲ್ಲುವಳು. ಕೋಳಿ ಇಲ್ಲ. ಮತ್ತೆ ಭೇಷ್, ಮತ್ತೆ ಕೋಳಿ ಇಲ್ಲ. ನಾಲ್ಕನೇ ಸಂಜೆ ಅವಳು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಆ ಮಾತಿನ ಬೆಲೆ ಹೋಗಿತ್ತು. “ನಿಮ್ಮಪ್ಪಗ ಕಲಸೂದಕ್ಕಿಂತ ನಾಯಿಗೆ ಕಲಸೂದು ಸಸಾರ ಬಿಡು” ಅಂದಳು ಅವ್ವ. ಮನ್ಸೂರರ ಹಾಡಿಗೆ ಭೇಷ್ ಅನ್ನಬೇಡಿ ಅಂತ ಯಾವ ಬಾಯಿಂದ ಹೇಳಲಿ? ಒತ್ತಿದರೆ ಟಿಕ್ ಅನ್ನುವ ಬಾಲ್ ಪೆನ್ನು ಹಿಡಿದು ಮೊದಲಿಂದ ಶುರು ಮಾಡಿದೆ.

ಕೂರಿಸುವ ಪ್ರಯತ್ನ ಫೇಲು. ನಾನು ‘ಸಿಟ್’ ಅನ್ನುತ್ತಿದ್ದೆ, ಅವ್ವ ‘ಕುಂದ್ರು’ ಅನ್ನುತ್ತಿದ್ದಳು. ಆದರೆ ತೊಂದರೆ ಬರೀ ಮಾತಿನದಲ್ಲ. ಉದ್ದ ಕಾಲು, ಕೊಬ್ಬಿಲ್ಲದ ಮೈ. ನೆಲಕ್ಕೆ ಕುಂಡಿ ತಾಗಿಸಿ ಕೂರುವುದು ಅವಳಿಗೆ ಹಿತವಿಲ್ಲ ಅನ್ನುವುದು ನೋಡಿದರೇ ಗೊತ್ತಾಗುತ್ತದೆ. ಬಿಟ್ಟುಬಿಟ್ಟೆ. ಮಲಗುವುದನ್ನು ಖುಷಿಯಿಂದ ಮಾಡುತ್ತಾಳೆ, ಅದೇ ಸಾಕು.

ಮೂರನೇ ವಾರ ‘ನಮಸ್ಕಾರ’. ಇದನ್ನು ನಾನು ಕಲಿಸಲೇ ಇಲ್ಲ, ಕಾದು ಹಿಡಿದೆ. ನಿದ್ದೆಯಿಂದ ಎದ್ದಾಗೆಲ್ಲ ಮುಂಗಾಲು ಚಾಚಿ, ಎದೆ ತಗ್ಗಿಸಿ ಮೈ ಮುರಿಯುತ್ತಾಳೆ. ಬೆಳಗ್ಗೆ ಪೆನ್ನು ಹಿಡಿದು ಪಕ್ಕದಲ್ಲೇ ಕೂತಿರುತ್ತಿದ್ದೆ. ಮೈ ಮುರಿದಳು, ಟಿಕ್, ಕೋಳಿ. ಐದನೇ ದಿನ ಮಧ್ಯಾಹ್ನ, ನಿದ್ದೆಯೂ ಇಲ್ಲ ಏನೂ ಇಲ್ಲ, ನನ್ನ ಮುಂದೆ ಬಂದು ತಾನಾಗಿಯೇ ಬಗ್ಗಿ ಮುಖ ನೋಡಿದಳು. ಆಮೇಲಷ್ಟೇ ‘ನಮಸ್ಕಾರ’ ಅನ್ನುವ ಮಾತು ಸೇರಿಸಿದೆ.

ನಾಲ್ಕು ಮತ್ತು ಐದನೇ ವಾರ ತುಳಸಿಕಟ್ಟೆ ಸುತ್ತಿಸುವುದು. ಮೊದಲು ಕಟ್ಟೆಯ ಕಡೆ ನೋಡಿದರೆ ಟಿಕ್. ಆಮೇಲೆ ಒಂದು ಹೆಜ್ಜೆಗೆ, ಒಂದು ಮೂಲೆಗೆ, ಎರಡು ಮೂಲೆಗೆ. ಮೂರನೇ ಮೂಲೆಗೆ ಬಂಡಿ ನಿಂತಿತು. ಕೋಳಿ ಮೂಗಿನ ಹತ್ತಿರ ಹಿಡಿದರೂ ಅವಳ ಕಣ್ಣು ಕಾಂಪೌಂಡ್ ಗೋಡೆ ಮೇಲಿನ ಅಳಿಲಿನ ಮೇಲೆ.

ಎರಡು ದಿನ ಸಿಟ್ಟು ಬಂತು. ಆಮೇಲೆ ಹೊಳೆಯಿತು. ಕೋಳಿ ಬಹುಮಾನ ಅಂತ ತೀರ್ಮಾನ ಮಾಡಿದವನು ನಾನು, ಅವಳಲ್ಲ. ಮೊಲ ಅಟ್ಟಿ ಹಿಡಿಯಲೆಂದು ತಲೆಮಾರುಗಳಿಂದ ಸಾಕಿದ ತಳಿ ಇದು, ಕಣ್ಣೆದುರು ಏನು ಓಡಿದರೂ ಬೆನ್ನು ಹತ್ತುವುದು ರಕ್ತದಲ್ಲೇ ಇದೆ. ಡೇವಿಡ್ ಪ್ರೆಮ್ಯಾಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1959ರಲ್ಲೇ ಇದನ್ನು ಬರೆದಿದ್ದಾನೆ: ಪ್ರಾಣಿ ತಾನಾಗಿ ಜಾಸ್ತಿ ಮಾಡುವ ಕೆಲಸವನ್ನೇ, ಕಡಿಮೆ ಮಾಡುವ ಕೆಲಸಕ್ಕೆ ಬಹುಮಾನವಾಗಿ ಕೊಡಬಹುದು. ‘ಊಟ ಮುಗಿಸು, ಆಮೇಲೆ ಆಡಾಕ ಹೋಗು’ ಅನ್ನುವ ಅವ್ವನ ಹಳೇ ಲೆಕ್ಕವೇ.

ಒಂದು ಪಿವಿಸಿ ಪೈಪಿಗೆ ಹಗ್ಗ ಕಟ್ಟಿ, ತುದಿಗೆ ಹಳೇ ಟವೆಲ್ಲಿನ ತುಂಡು ಗಂಟು ಹಾಕಿದೆ. ಕಟ್ಟೆ ಸುತ್ತಿದರೆ ಟಿಕ್, ತಕ್ಷಣ ಟವೆಲ್ಲು ನೆಲದ ಮೇಲೆ ಹರಿದಾಡುತ್ತದೆ, ಎರಡು ನಿಮಿಷ ಅಟ್ಟಿಸಿಕೊಂಡು ಹೋಗಬಹುದು. ಮಣ್ಣಿನ ನೆಲದಲ್ಲಿ ಮಾತ್ರ. ಸಿಮೆಂಟಿನ ಮೇಲೆ ಒಮ್ಮೆ ಜಾರಿ ಕಾಲು ತರಚಿಕೊಂಡಳು, ತಪ್ಪು ನನ್ನದೇ. ಅದೇ ಸಂಜೆ ಮೂರನೇ ಮೂಲೆ ದಾಟಿದಳು. ಮರುದಿನ ಪೂರ್ತಿ ಸುತ್ತು. ಬಲಕ್ಕೆ ಮಾತ್ರ ಸುತ್ತುತ್ತಾಳೆ, ಎಡಕ್ಕೆ ಬಿಲ್‌ಕುಲ್ ಇಲ್ಲ. “ಪ್ರದಕ್ಷಿಣಿ ಹಂಗ ಹಾಕೂದು, ಆಕೀಗಿ ಗೊತ್ತೈತಿ” ಅಂತ ಅವ್ವನಿಗೆ ಭಾರಿ ಸಮಾಧಾನ.

ಈ ವಾರ ಕರೆದಾಗ ಬರುವ ತಾಲೀಮು, ಮನೆ ಹಿಂದಿನ ಬೇಲಿ ಇರುವ ಖಾಲಿ ಸೈಟಿನಲ್ಲಿ. ಕೋಳಿ ಕೊಡುತ್ತಿದ್ದಾಗ 10 ಸಲ ಕರೆದರೆ 3 ಸಲ ಬರುತ್ತಿದ್ದಳು. ಟವೆಲ್ಲು ಬಂದ ಮೇಲೆ ನಿನ್ನೆಯ ಲೆಕ್ಕ 10ಕ್ಕೆ 7. ತಪ್ಪಿದ ಮೂರೂ ಸಲ ಗೋಡೆ ಮೇಲೆ ಅಳಿಲಿತ್ತು. ಅದರ ಜೊತೆ ಪೈಪೋಟಿಗೆ ಸದ್ಯ ನನ್ನ ಹತ್ತಿರ ಇರುವುದು ಹರಿದ ಟವೆಲ್ಲೊಂದೇ.