ಲಾನ್ ಚೇನಿ: ಕೈ ಮಾತಾಡೋ ಮನೇಲಿ ಬೆಳೆದವನು

ಒಂದು ಸೀನ್ ಇದೆ, ಅದರಿಂದ್ಲೇ ಶುರು ಮಾಡ್ತೀನಿ. ಸರ್ಕಸ್ಸಿನವನೊಬ್ಬ, ಹೆಸರು ಅಲೊಂಜೊ, ತನಗೆ ಎರಡೂ ಕೈ ಇಲ್ಲ ಅಂತ ಎಲ್ಲರನ್ನೂ ನಂಬಿಸಿ ಕಾಲಲ್ಲೇ ಚಾಕು ಎಸೆದು ಹೊಟ್ಟೆ ಹೊರೀತಿರ್ತಾನೆ. ನಿಜವಾಗಿ ಕೈ ಇದೆ, ಪೊಲೀಸರಿಂದ ತಪ್ಪಿಸ್ಕೊಳ್ಳೋಕೆ ಅಂತ ಮೈಗೆ ಬಿಗಿಯಾಗಿ ಕಟ್ಟಿ ಬಟ್ಟೆಯೊಳಗೆ ಮುಚ್ಚಿಟ್ಟಿರ್ತಾನೆ. ಒಂದು ಸಲ ಆ ಕಟ್ಟು ಬಿಚ್ಚಿ ಕೂತಿದಾನೆ, ಏನೋ ಯೋಚನೇಲಿ ಮುಳುಗಿಹೋಗಿ ಸಿಗರೇಟನ್ನ ಕಾಲಲ್ಲೇ ಹಚ್ಚಿ ಕಾಲಲ್ಲೇ ಹಿಡ್ಕೊಂಡು ಸೇದ್ತಾ ಇದಾನೆ, ಎರಡೂ ಕೈ ಪಕ್ಕದಲ್ಲಿ ಸುಮ್ನೆ ಬಿದ್ದಿವೆ. ಜೊತೆಗಿರೋ ಕೋಜೊ ಇದನ್ನ ನೋಡಿ ನಗ್ತಾನೆ. ಆಗ್ಲೇ ಅಲೊಂಜೊಗೆ ಹೊಳೆಯೋದು, ತನಗೆ ಕೈ ಇರೋದೇ ಮರೆತುಹೋಗಿದೆ ಅಂತ. ಆ ಹೊತ್ತಿಗೆ ಅವನ ತಲೇಲಿ ಭಯಂಕರವಾದ ಒಂದು ಯೋಚನೆ ಹುಟ್ಟೋದು ಮುಖದ ಮೇಲೇ ಕಾಣತ್ತೆ, ಒಂದು ಮಾತೂ ಬೇಕಾಗಲ್ಲ.

1927ರ 'ದಿ ಅನ್‌ನೋನ್' ಅನ್ನೋ ಹಾಲಿವುಡ್ ಮೂಕಿ ಚಿತ್ರ ಇದು, ಡೈರೆಕ್ಟರ್ ಟಾಡ್ ಬ್ರೌನಿಂಗ್, ಅಲೊಂಜೊ ಆಗಿರೋದು ನಟ ಲಾನ್ ಚೇನಿ. ಚೇನಿ ಅಂದ್ರೆ ಎಲ್ರೂ ಹೇಳೋದು ಮೇಕಪ್ ಬಗ್ಗೆ, 'ಸಾವಿರ ಮುಖದ ಮನುಷ್ಯ' ಅಂತಾನೇ ಸ್ಟುಡಿಯೋದವರು ಪ್ರಚಾರ ಮಾಡಿದ್ರು. ನಾನೂ ಮೊದಲು ಹಾಗೇ ಅನ್ಕೊಂಡಿದ್ದೆ, ಆದ್ರೆ ಅವರ ಸಿನಿಮಾ ಒಂದಾದ ಮೇಲೊಂದು ನೋಡ್ತಾ ಹೋದ ಹಾಗೆ ಆ ಬಿರುದು ಅವರಿಗೆ ನ್ಯಾಯ ಮಾಡಿಲ್ಲ ಅಂತ ಗಟ್ಟಿಯಾಗಿ ಅನಿಸ್ತಿದೆ. ಮೇಕಪ್ ಅವರ ಕಸುಬಿನ ಒಂದು ಭಾಗ ಅಷ್ಟೇ. ಅಸಲು ವಿದ್ಯೆ ಬಂದಿದ್ದು ಮನೆಯಿಂದ.

ಚೇನಿ ಹುಟ್ಟಿದ್ದು 1883ರ ಏಪ್ರಿಲ್ 1ಕ್ಕೆ, ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ. ಅಪ್ಪ ಫ್ರ್ಯಾಂಕ್, ಕ್ಷೌರಿಕ, ಅಮ್ಮ ಎಮ್ಮಾ, ಇಬ್ಬರಿಗೂ ಕಿವಿ ಕೇಳ್ತಿರಲಿಲ್ಲ. ಅಮ್ಮನ ಅಪ್ಪನೇ ಆ ಊರಿನ ಕಿವುಡ ಮಕ್ಕಳ ಶಾಲೆ ಕಟ್ಟಿದವರು. ಮಕ್ಕಳಿಗೆ ಕಿವಿ ಕೇಳ್ತಿತ್ತು, ಬಾಯೂ ಬರ್ತಿತ್ತು, ಆದ್ರೆ ಮನೆ ಒಳಗೆ ಮಾತು ಅಂದ್ರೆ ಕೈಸನ್ನೆ. ಚೇನಿ ನಾಲ್ಕನೇ ಕ್ಲಾಸಲ್ಲಿದ್ದಾಗ ಅಮ್ಮ ಸಂಧಿವಾತದಿಂದ ಹಾಸಿಗೆ ಹಿಡಿದ್ರು, ಹುಡುಗ ಸ್ಕೂಲ್ ಬಿಟ್ಟು ಅವರನ್ನ ನೋಡ್ಕೊಳ್ಳೋಕೆ ನಿಂತ. ಆಚೆ ಬೀದೀಲಿ ನಡೆದಿದ್ದನ್ನೆಲ್ಲ ನೋಡ್ಕೊಂಡು ಬಂದು, ಯಾರು ಹೇಗೆ ನಡೆದ್ರು ಯಾರು ಯಾರ ಜೊತೆ ಜಗಳ ಆಡಿದ್ರು ಅನ್ನೋದನ್ನೆಲ್ಲ ಅಮ್ಮನ ಮುಂದೆ ಅಭಿನಯ ಮಾಡಿ ತೋರಿಸ್ತಿದ್ನಂತೆ.

ಇಲ್ಲಿ ಒಂದು ವಿಷಯ ಹೇಳ್ಬೇಕು, ಬಹಳ ಜನ ಸನ್ನೆ ಭಾಷೆ ಅಂದ್ರೆ ಬರೀ ಕೈ ಅಂದ್ಕೊಂಡಿರ್ತಾರೆ. ಹಾಗಲ್ಲ. ಅಮೆರಿಕನ್ ಸನ್ನೆ ಭಾಷೇಲಿ ಹೌದು-ಅಲ್ಲ ಅನ್ನೋ ಥರದ ಪ್ರಶ್ನೆ ಕೇಳೋವಾಗ ಹುಬ್ಬು ಮೇಲೆ ಹೋಗ್ಬೇಕು, ಯಾಕೆ ಎಲ್ಲಿ ಯಾರು ಅಂತ ಕೇಳೋವಾಗ ಹುಬ್ಬು ಗಂಟಾಗ್ಬೇಕು. ಮುಖ ಅಲ್ಲಿ ಅಲಂಕಾರ ಅಲ್ಲ, ವ್ಯಾಕರಣ. ಆ ಹುಡುಗ ವರ್ಷಗಟ್ಟಲೆ ದಿನಾ ಮಾಡಿದ ಅಭ್ಯಾಸ ಇದೇ, ಅದೂ ಮುಖ ತಪ್ಪಿದ್ರೆ ಅರ್ಥವೇ ತಪ್ಪುತ್ತೆ ಅನ್ನೋ ಒಬ್ಬರ ಮುಂದೆ. ಇದಕ್ಕಿಂತ ದೊಡ್ಡ ಆಕ್ಟಿಂಗ್ ಸ್ಕೂಲ್ ಯಾವುದಿದ್ದೀತು ಹೇಳಿ.

ಆಮೇಲೆ ಊರಿನ ಒಪೆರಾ ಹೌಸ್‌ನಲ್ಲಿ ಸಾಮಾನು ಎತ್ತಿಡೋ ಕೆಲಸ, ಕಾರ್ಪೆಟ್ ಹಾಕೋ ಕೆಲಸ, ಗೋಡೆಗೆ ಕಾಗದ ಅಂಟಿಸೋ ಕೆಲಸ, ಏನು ಸಿಕ್ತೋ ಅದು. 1902ರಲ್ಲಿ ಅಣ್ಣನ ಜೊತೆ ಸ್ಟೇಜ್ ಹತ್ತಿದ್ದು, ಅಲ್ಲಿಂದ ಹತ್ತು ವರ್ಷ ಊರೂರು ಅಲೆಯೋ ಕಂಪನಿಗಳಲ್ಲಿ ಜೀವನ. ನಾವು ಭಯಂಕರ ಪಾತ್ರಗಳಲ್ಲಿ ನೋಡೋ ಈ ಮನುಷ್ಯ ಆ ಹತ್ತು ವರ್ಷ ಮಾಡಿದ್ದು ಹಾಡು-ಕುಣಿತದ ಕಾಮಿಡಿ! ಕುಣಿಯೋನು, ಕುಣಿತ ಹೇಳಿಕೊಡೋನು, ಸ್ಟೇಜ್ ಮ್ಯಾನೇಜರ್, ಎಲ್ಲ ಅವನೇ. ಸ್ಯಾನ್ ಫ್ರಾನ್ಸಿಸ್ಕೋದ ಕೋಲ್ಬ್ ಅಂಡ್ ಡಿಲ್ ಅನ್ನೋ ಹಾಸ್ಯ ಜೋಡಿ ಕಂಪನೀಲೂ ಇದ್ದ. ಆಮೇಲಿನ ಸಿನಿಮಾಗಳಲ್ಲಿ ಮೈ ಎಷ್ಟೇ ಸೊಟ್ಟ ಮಾಡ್ಕೊಂಡಿದ್ರೂ ಆ ನಡಿಗೇಲಿ ಒಂದು ಲಯ ಇರತ್ತಲ್ಲ, ಅದು ಈ ಕುಣಿತದ ಕಾಲದ್ದು ಅಂತ ನನ್ನ ನಂಬಿಕೆ.

ಹೀಗೆ ಅಲೆಯೋವಾಗ್ಲೇ ಕ್ಲೀವಾ ಕ್ರೈಟನ್ ಅನ್ನೋ ಹಾಡೋ ಹುಡುಗಿ ಪರಿಚಯ ಆಗಿ ಮದುವೆ ಆಯ್ತು, 1906ರ ಫೆಬ್ರವರೀಲಿ ಮಗ ಕ್ರೈಟನ್ ಹುಟ್ಟಿದ. ಸಂಸಾರ ನೆಟ್ಟಗೆ ನಡೀಲಿಲ್ಲ. 1913ರ ಏಪ್ರಿಲ್‌ನಲ್ಲಿ ಲಾಸ್ ಏಂಜಲೀಸ್‌ನ ಮೆಜೆಸ್ಟಿಕ್ ಥಿಯೇಟರಲ್ಲಿ, ಗಂಡ ಕೆಲಸ ಮಾಡ್ತಿದ್ದ ಕಡೆಗೇ ಬಂದು, ಕ್ಲೀವಾ ವಿಷ ಕುಡಿದ್ರು. ಜೀವ ಉಳೀತು, ಹಾಡೋ ಗಂಟಲು ಹೋಯ್ತು. ಈ ಗಲಾಟೆ ಪೇಪರಲ್ಲೆಲ್ಲ ಬಂದು ಚೇನಿಗೆ ಸ್ಟೇಜಲ್ಲಿ ಕೆಲಸ ಸಿಗೋದು ಕಷ್ಟ ಆಯ್ತು, ಡಿವೋರ್ಸೂ ಆಯ್ತು, ಹೊಟ್ಟೆಪಾಡಿಗೆ ಅಂತ ಸಿನಿಮಾ ಕಡೆ ತಿರುಗಿದ್ರು. ಆಗಿನ ಕಾಲಕ್ಕೆ ಸ್ಟೇಜಿನವರ ಕಣ್ಣಲ್ಲಿ ಸಿನಿಮಾ ಅಂದ್ರೆ ಒಂದು ಮೆಟ್ಟಿಲು ಕೆಳಗಿನ ಕೆಲಸ. ಮಗನನ್ನ ಬೇರೆ ಕಡೆ ಬಿಟ್ಟು ಬೆಳೆಸಿ, 1915ರಲ್ಲಿ ಹೇಜಲ್ ಹೇಸ್ಟಿಂಗ್ಸ್ ಅವರನ್ನ ಮದುವೆಯಾದ ಮೇಲೆ ಮನೆಗೆ ಕರ್ಕೊಂಡು ಬಂದ್ರು. ಆದ್ರೆ ನಿನ್ನ ಹೆತ್ತಮ್ಮ ಸತ್ತುಹೋಗಿದಾಳೆ ಅಂತ ಆ ಮಗುಗೆ ಹೇಳಿಬಿಟ್ಟಿದ್ರು. ಅಮ್ಮ ಬದುಕಿದಾಳೆ ಅಂತ ಅವನಿಗೆ ಗೊತ್ತಾಗಿದ್ದು ಅಪ್ಪ ಸತ್ತ ಮೇಲೆ. ಅಮ್ಮನಿಗೋಸ್ಕರ ಸ್ಕೂಲ್ ಬಿಟ್ಟವರು ತಮ್ಮ ಮಗನಿಗೆ ಹೀಗೆ ಮಾಡಿದ್ರು ಅಂತ ಓದಿದಾಗ ಕರುಳು ಹಿಂಡಿದ ಹಾಗಾಯ್ತು. ಎಷ್ಟೇ ಅಭಿಮಾನ ಇದ್ರೂ ಇದನ್ನ ಸರಿ ಅನ್ನೋಕೆ ನನ್ನ ಕೈಲಾಗಲ್ಲ.

ಯೂನಿವರ್ಸಲ್ ಸ್ಟುಡಿಯೋದಲ್ಲಿ ಸಣ್ಣಪುಟ್ಟ ಪಾತ್ರಗಳು, ಹೆಚ್ಚಿನವು ಸಣ್ಣ ರೀಲಿನ ಚಿತ್ರಗಳು. ಬೆಳಗ್ಗೆ ಎಕ್ಸ್‌ಟ್ರಾಗಳ ಗುಂಪಲ್ಲಿ ನಿಂತಾಗ ಇವತ್ತು ಯಾರು ಬೇಕು, ಚೀನಾದವನೋ ಮುದುಕನೋ ಕಳ್ಳನೋ, ಅದಕ್ಕೆ ತಕ್ಕ ಹಾಗೆ ಪೆಟ್ಟಿಗೆ ತೆಗೆದು ಮುಖ ಬದಲಾಯಿಸ್ಕೊಂಡು ರೆಡಿ ಆಗ್ತಿದ್ರು. ಮೇಕಪ್ ಅವರಿಗೆ ಮೊದಲು ಕಲೆ ಅಲ್ಲ, ದಿನಗೂಲಿ ತಪ್ಪಬಾರದು ಅನ್ನೋ ಉಪಾಯ. ವಾರಕ್ಕೆ 125 ಡಾಲರ್ ಕೊಡಿ ಅಂತ ಕೇಳಿದ್ದಕ್ಕೆ ಸ್ಟುಡಿಯೋ ಮ್ಯಾನೇಜರ್, ನೀನು ಯಾವತ್ತೂ 100ಕ್ಕಿಂತ ಹೆಚ್ಚು ಬೆಲೆ ಬಾಳಲ್ಲ ಅಂದ್ರಂತೆ. ಚೇನಿ ಅಲ್ಲಿಂದ ಎದ್ದು ಹೊರಟರು.

1919ರ 'ದಿ ಮಿರಾಕಲ್ ಮ್ಯಾನ್' ಅವರನ್ನ ಮೇಲೆತ್ತಿದ್ದು. ಅದರಲ್ಲಿ ಫ್ರಾಗ್ ಅನ್ನೋ ಮೋಸಗಾರ, ಕೈಕಾಲು ಸೊಟ್ಟ ಇರೋನ ಹಾಗೆ ನಟಿಸ್ತಾ ತೆವಳ್ಕೊಂಡು ಬಂದು ಜನರ ಮುಂದೆ 'ಪವಾಡ'ದಿಂದ ವಾಸಿ ಆಗಿ ಎದ್ದು ನಿಲ್ತಾನೆ. ಪೂರ್ತಿ ಸಿನಿಮಾ ಕಳೆದುಹೋಗಿದೆ, ಕೆಲವು ನಿಮಿಷ ಮಾತ್ರ ಉಳಿದಿದೆ, ಪುಣ್ಯಕ್ಕೆ ಆ ಸೀನ್ ಅದರಲ್ಲಿದೆ. ಅಲ್ಲಿ ನಮ್ಮನ್ನ ನಂಬಿಸೋದು ಮೇಕಪ್ ಅಲ್ಲ ನೋಡಿ, ಮೈ. ಮುಂದಿನ ವರ್ಷ 'ದಿ ಪೆನಾಲ್ಟಿ'ಯಲ್ಲಿ ಎರಡೂ ಕಾಲು ಇಲ್ಲದವನ ಪಾತ್ರಕ್ಕೆ ಕಾಲು ಹಿಂದಕ್ಕೆ ಮಡಚಿ ಕಟ್ಟಿ, ಮೊಣಕಾಲಿಗೆ ಚರ್ಮದ ಕಪ್ ಹಾಕ್ಕೊಂಡು ನಡೆದ್ರು, ಹೆಚ್ಚು ಹೊತ್ತು ತಡೆಯೋಕೆ ಆಗ್ತಿರಲಿಲ್ಲ, ಮಧ್ಯೆ ಮಧ್ಯೆ ಬಿಚ್ಚಲೇಬೇಕಿತ್ತು.

1923ರ 'ದಿ ಹಂಚ್‌ಬ್ಯಾಕ್ ಆಫ್ ನೋಟ್ರ ಡಾಮ್' ಮತ್ತೆ 1925ರ 'ದಿ ಫ್ಯಾಂಟಮ್ ಆಫ್ ದಿ ಒಪೆರಾ' ಬಗ್ಗೆ ಎಲ್ಲರಿಗೂ ಗೊತ್ತಿರೋದೇ, ಹೆಚ್ಚು ಹೇಳಲ್ಲ. ಹಂಚ್‌ಬ್ಯಾಕ್‌ನಲ್ಲಿ ಬೆನ್ನಿಗೆ ಹಾಕ್ಕೊಂಡಿದ್ದ ಗೂನು 70 ಪೌಂಡ್ ತೂಕ ಇತ್ತು ಅನ್ನೋದು ಪ್ರಚಾರದ ಮಾತು, ನಿಜಕ್ಕೂ ಸುಮಾರು 20 ಪೌಂಡ್. ನನ್ನ ಪ್ರಕಾರ ಫ್ಯಾಂಟಮ್‌ನಲ್ಲಿ ನೋಡ್ಬೇಕಾದ್ದು ಮುಖವಾಡ ಕಿತ್ತುಬರೋ ಸೀನಿಗಿಂತ ಹೆಚ್ಚಾಗಿ ಅದಕ್ಕೆ ಮುಂಚಿನ ಭಾಗ, ಮುಖವೇ ಕಾಣಲ್ಲ, ನೆರಳು, ಬೆರಳು, ಅಷ್ಟರಲ್ಲೇ ಎಷ್ಟು ಹೇಳ್ತಾರೆ! ಇನ್ನು 1926ರ 'ಟೆಲ್ ಇಟ್ ಟು ದಿ ಮರೀನ್ಸ್' ನೋಡಿ, ಮೇಕಪ್ಪೇ ಇಲ್ಲ, ಒರಟು ಸಾರ್ಜೆಂಟ್ ಪಾತ್ರ, ಜನ ಮುಗಿಬಿದ್ದು ನೋಡಿದ್ರು. ಬರೀ ಮೇಕಪ್ಪಿನವರಾಗಿದ್ರೆ ಅದು ಹೇಗಾಗತ್ತೆ?

ಹಾಗಂತ ಆ ವಿದ್ಯೇನ ಕಡಿಮೆ ಮಾಡಿ ಹೇಳ್ತಿಲ್ಲ, 1929ರ ಬ್ರಿಟಾನಿಕಾ ವಿಶ್ವಕೋಶದಲ್ಲಿ ಮೇಕಪ್ ಬಗ್ಗೆ ಅವರ ಹೆಸರಲ್ಲೇ ಬರಹ ಇದೆ, ಅವರ ಮೇಕಪ್ ಪೆಟ್ಟಿಗೆ ಈಗಲೂ ಲಾಸ್ ಏಂಜಲೀಸ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಹತ್ತಿರ ಇದೆ.

ಈಗ ಮತ್ತೆ ಅಲೊಂಜೊ ಹತ್ರ ಬರ್ತೀನಿ. ಅವನು ಪ್ರೀತಿಸೋ ನಾನೊನ್‌ಗೆ, ಅಂದ್ರೆ ಆಗಿನ್ನೂ ಹೊಸಬರಾಗಿದ್ದ ಜೋನ್ ಕ್ರಾಫರ್ಡ್‌ಗೆ, ಗಂಡಸರ ಕೈ ತಾಗಿದ್ರೆ ಸಾಕು ಮೈ ನಡುಗತ್ತೆ. ಅದಕ್ಕೇ ಅವನು ಒಬ್ಬ ಸರ್ಜನ್‌ನ ಹೆದರಿಸಿ ನಿಜವಾಗ್ಲೂ ತನ್ನ ಎರಡೂ ಕೈ ಕತ್ತರಿಸಿಕೊಳ್ತಾನೆ. ವಾಸಿಯಾಗಿ ವಾಪಸ್ ಬರೋ ಹೊತ್ತಿಗೆ ಅವಳ ಭಯವೇ ಹೋಗಿದೆ, ಮಲಬಾರ್ ಅನ್ನೋ ಪೈಲ್ವಾನನ ಕೈಗಳನ್ನೇ ಪ್ರೀತಿಸ್ತಿದಾಳೆ. ಮದುವೆ ಅಂದಾಗ ಮೊದಲು ತನ್ನ ಜೊತೇನೇ ಅಂದ್ಕೊಂಡು ಮುಖ ಅರಳತ್ತೆ, ಆಮೇಲೆ ವಿಷಯ ಗೊತ್ತಾಗತ್ತೆ, ನಗೋಕೆ ಶುರು ಮಾಡ್ತಾನೆ, ಆ ನಗು ಎಲ್ಲಿ ಅಳು ಆಯ್ತು ಅಂತ ಬೆರಳಿಟ್ಟು ತೋರಿಸೋಕೆ ಆಗಲ್ಲ. ಕಾಲಲ್ಲಿ ಮಾಡೋ ಕಷ್ಟದ ಕೆಲಸಗಳಲ್ಲಿ ನಾವು ನೋಡೋದು ಹುಟ್ಟಿನಿಂದ ಕೈಗಳಿಲ್ಲದ ಇನ್ನೊಬ್ಬ ಕಲಾವಿದರ ಕಾಲು, ಫ್ರೇಮಲ್ಲಿ ಮೇಲರ್ಧ ಮಾತ್ರ ಚೇನಿ. ಅಂದ್ರೆ ಕೈ ಇಲ್ಲ, ಎಷ್ಟೋ ಕಡೆ ಕಾಲೂ ತನ್ನದಲ್ಲ, ಮಾತಂತೂ ಮೊದಲೇ ಇಲ್ಲ. ಕೈಯಲ್ಲೇ ಮಾತಾಡ್ತಾ ಬೆಳೆದವರ ಹತ್ತಿರ ಇಲ್ಲಿ ಉಳಿದಿದ್ದು ಮುಖ ಒಂದೇ, ಆ ಮುಖಕ್ಕೆ ಅಮ್ಮನ ಮುಂದೆ ಕಲಿತ ವ್ಯಾಕರಣ ಪೂರ್ತಿ ಗೊತ್ತಿತ್ತು. ಕ್ಯಾಮೆರಾ ಮುಂದೆ ಸುಮ್ನೆ ನಿಲ್ಲೋದಕ್ಕೂ ಅಭಿನಯಕ್ಕೂ ಇರೋ ವ್ಯತ್ಯಾಸ ತನಗೆ ತಿಳಿದಿದ್ದೇ ಚೇನಿ ಕೆಲಸ ನೋಡಿ ಅಂತ ಕ್ರಾಫರ್ಡ್ ಆಮೇಲೆ ಹೇಳಿದ್ದಾರೆ.

ಟಾಕಿ ಬಂದ ಮೇಲೆ ಚೇನಿ ಸ್ವಲ್ಪ ಕಾಲ ದೂರವೇ ಇದ್ದರು. ಕೊನೆಗೆ 1925ರ ತಮ್ಮದೇ 'ದಿ ಅನ್‌ಹೋಲಿ ಥ್ರೀ' ಚಿತ್ರವನ್ನ 1930ರಲ್ಲಿ ಮಾತಿನ ಜೊತೆ ಮತ್ತೆ ಮಾಡಿದ್ರು, ಅದರಲ್ಲಿ ಅಜ್ಜಿ, ಗಿಳಿ, ಗೊಂಬೆ ಎಲ್ಲ ಸೇರಿ ಐದು ಧ್ವನಿ, ಐದೂ ನನ್ನವೇ ಅಂತ ಪ್ರಮಾಣಪತ್ರಕ್ಕೆ ಸಹಿ ಹಾಕಿಕೊಟ್ರು. ಆ ಸಿನಿಮಾ ಬಂದಿದ್ದು ಜುಲೈನಲ್ಲಿ. ಆಗಸ್ಟ್ 26ಕ್ಕೆ ಕ್ಯಾನ್ಸರ್‌ನಿಂದ ತೀರಿಕೊಂಡ್ರು, 47 ವರ್ಷ. ಕೊನೆ ದಿನಗಳಲ್ಲಿ ಗಂಟಲು ಪೂರ್ತಿ ಹೋಗಿ ಮನೆಯವರ ಜೊತೆ ಕೈಸನ್ನೆಯಲ್ಲೇ ಮಾತು. ಮಗ ಕ್ರೈಟನ್ ಆಮೇಲೆ ಸಿನಿಮಾಗೆ ಬಂದು, ಕೊನೆಗೆ ಅಪ್ಪನ ಹೆಸರನ್ನೇ ಇಟ್ಕೊಂಡು ಲಾನ್ ಚೇನಿ ಜೂನಿಯರ್ ಆದ್ರು, 1941ರ 'ದಿ ವುಲ್ಫ್ ಮ್ಯಾನ್' ಅವರದ್ದೇ.

ಅಪ್ಪ ಚೇನಿ ಮಾಡಿದ್ದು ನೂರೈವತ್ತಕ್ಕೂ ಹೆಚ್ಚು ಚಿತ್ರ, ಬಹುಪಾಲು ಇವತ್ತು ಇಲ್ಲ. 'ಲಂಡನ್ ಆಫ್ಟರ್ ಮಿಡ್‌ನೈಟ್' ಚಿತ್ರದ ಕೊನೇ ಪ್ರಿಂಟ್ ಎಂಜಿಎಂ ಸ್ಟುಡಿಯೋದ ಗೋದಾಮಿನ ಬೆಂಕಿಗೆ ಹೋಯ್ತು ಅಂತಾರೆ. 'ದಿ ಅನ್‌ನೋನ್' ಕೂಡ ಬಹಳ ವರ್ಷ ಸರಿಯಾದ ಪ್ರಿಂಟ್ ಇಲ್ಲದೆ ಇತ್ತು, ಆಮೇಲೆ ಪ್ಯಾರಿಸ್‌ನ ಸಿನಿಮಾ ಸಂಗ್ರಹಾಲಯದಲ್ಲಿ ಸಿಕ್ತು, ಏನೆಂದು ಗೊತ್ತಿಲ್ಲದ ಡಬ್ಬಗಳ ಮೇಲೂ ಫ್ರೆಂಚಲ್ಲಿ 'ಅಜ್ಞಾತ' ಅಂತಾನೇ ಬರೆದಿರ್ತಿದ್ರಲ್ಲ, ಅವುಗಳ ರಾಶೀಲಿ ಇದೂ ಸೇರಿಹೋಗಿತ್ತು.

ನೋಡೋದಾದ್ರೆ ಇದರಿಂದ್ಲೇ ಶುರು ಮಾಡಿ, ತುಂಬಾ ಉದ್ದ ಇಲ್ಲ, ಒಂದು ಗಂಟೆ ಆಸುಪಾಸು. ಮೊದಲ ಸಲ ಹೇಗಿದೆಯೋ ಹಾಗೇ ನೋಡಿ. ಎರಡನೇ ಸಲ ಅಲೊಂಜೊ ವಾಪಸ್ ಬರೋ ಜಾಗದಲ್ಲಿ ಮ್ಯೂಸಿಕ್ ಮ್ಯೂಟ್ ಮಾಡಿ, ಹುಬ್ಬು ಮತ್ತೆ ಬಾಯಿ ಮಾತ್ರ ನೋಡ್ತಾ ಹೋಗಿ.