ಅವ್ವನ ಒಗೆಯುವ ಕಲ್ಲು ಕಲಿಸಿದ ಟಿ-ಶರ್ಟ್ ಕೆಲಸ

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ನಾನು ಎಂಟು ವರ್ಷ ಇಸ್ತ್ರಿ ಟೇಬಲ್ ಮುಂದೆ ನಿಂತಿದ್ದೆ. ವಾಷಿಂಗ್ ಮುಗಿಸಿ ಬಂದ ಪ್ಯಾಂಟ್‌ಗಳಿಗೆ ಸ್ಟೀಮ್ ಕೊಟ್ಟು, ಸುಕ್ಕು ತೆಗೆದು ಪ್ಯಾಕಿಂಗ್‌ಗೆ ಕಳಿಸುವುದು ನನ್ನ ಕೆಲಸ. ಅದನ್ನು ಬಿಟ್ಟು ಮನೆಯಲ್ಲೇ ಟಿ-ಶರ್ಟ್‌ಗೆ ಡಿಸೈನ್ ಹಾಕಿಕೊಡಲು ಶುರು ಮಾಡಿದಾಗ ನನಗೆ ಒಂದು ಧೈರ್ಯ ಇತ್ತು. ಬಟ್ಟೆ ಗೊತ್ತು, ಬಿಸಿ ಗೊತ್ತು, ಇನ್ನೇನು ಬೇಕು ಅಂದುಕೊಂಡಿದ್ದೆ.

ಮೊದಲ ದೊಡ್ಡ ಆರ್ಡರ್ ಒಂದು ಆಟೋ ಸ್ಟ್ಯಾಂಡ್‌ನವರದು. ರಾಜ್ಯೋತ್ಸವಕ್ಕೆ ಮೂವತ್ತು ಹಳದಿ ಟಿ-ಶರ್ಟ್, ಎದೆ ಮೇಲೆ ಕೆಂಪಕ್ಷರದಲ್ಲಿ ‘ಬಳ್ಳಾರಿ’. ಮನೆಯ ಪ್ರಿಂಟರ್‌ನಲ್ಲಿ ಟ್ರಾನ್ಸ್‌ಫರ್ ಪೇಪರ್ ಮೇಲೆ, ಅಂದರೆ ಬಿಸಿ ಒತ್ತಿದರೆ ಡಿಸೈನ್ ಬಟ್ಟೆಗೆ ಅಂಟುವ ಕಾಗದದ ಮೇಲೆ, ಪ್ರಿಂಟ್ ತೆಗೆದೆ. ಅಕ್ಟೋಬರ್ 31ರ ರಾತ್ರಿ ಪೂರ್ತಿ ಕೂತು ಇಸ್ತ್ರಿ ಪೆಟ್ಟಿಗೆಯಲ್ಲೇ ಒತ್ತಿದೆ. ಬೆಳಗ್ಗೆ ಕೊಟ್ಟೆ. ಮೆರವಣಿಗೆಯಲ್ಲಿ ಎಷ್ಟು ಚೆನ್ನಾಗಿ ಕಾಣ್ತಿದ್ದವು!

ಮೂರನೇ ದಿನ ಅವರಲ್ಲೊಬ್ಬರು ಒಂದು ಟಿ-ಶರ್ಟ್ ಹಿಡಿದು ಬಂದರು. “ಅಣ್ಣಾ, ನೀವು ಬೇಕಂತ ಮಾಡಿಲ್ಲ ಅಂತ ಗೊತ್ತೈತಿ. ಆದ್ರ ಒಂದೇ ಸಲ ಒಗೆದಿದ್ದಕ್ಕ ಹಿಂಗಾಗೈತಿ ನೋಡ್ರಿ,” ಅಂದರು. ‘ಳ್ಳಾ’ದ ಕೆಳಗಿನ ಒತ್ತು ಪೂರ್ತಿ ಎದ್ದುಹೋಗಿತ್ತು. ಉಳಿದ ಅಕ್ಷರಗಳು ಬಿಸಿಲಿಗೆ ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿದ್ದವು. ಎಲ್ಲರ ದುಡ್ಡೂ ವಾಪಸ್ ಕೊಟ್ಟೆ. ದುಡ್ಡಿಗಿಂತ ಜಾಸ್ತಿ ಅವರ ಮುಖ ನೋಡಿ ಸಂಕಟ ಆಯಿತು.

ತಪ್ಪು ಹುಡುಕುತ್ತಾ ಹೋದಾಗ ಸಿಕ್ಕಿದ್ದು ನನ್ನ ಕೈಯಲ್ಲೇ. ಇಸ್ತ್ರಿ ಮಾಡುವ ಕೈ ಓಡುತ್ತಿರಬೇಕು, ನಿಂತರೆ ಬಟ್ಟೆ ಸುಡುತ್ತೆ. ಎಂಟು ವರ್ಷ ಕಲಿತಿದ್ದು ಅದನ್ನೇ. ಟ್ರಾನ್ಸ್‌ಫರ್‌ಗೆ ಅದೇ ಕೈ ನಿಲ್ಲಬೇಕು. ಒಂದು ಜಾಗದಲ್ಲಿ ಭಾರ ಬಿಟ್ಟು ಒತ್ತಬೇಕು, ಆಮೇಲೆ ಎತ್ತಿ ಪಕ್ಕದ ಜಾಗಕ್ಕೆ ಇಡಬೇಕು. ನಾನು ಉಜ್ಜಿದ್ದೆ. ಕೆಳಗಿನ ಅಂಟು ಕರಗಿ ಬಟ್ಟೆಯ ಎಳೆಯೊಳಗೆ ಇಳಿಯುವ ಮೊದಲೇ ಕೈ ಮುಂದೆ ಹೋಗಿತ್ತು. ಜೊತೆಗೆ ಪೆಟ್ಟಿಗೆಯ ಸ್ಟೀಮ್ ತೂತುಗಳಿದ್ದ ಕಡೆ ಒತ್ತಡವೇ ಬಿದ್ದಿರಲಿಲ್ಲ. ಕೆಳಗೆ ಮಡಚಿದ ಕಂಬಳಿ ಹಾಸಿದ್ದೆ. ಮೇಲಿಂದ ಎಷ್ಟು ಒತ್ತಿದರೂ ಅದು ನುಂಗಿಬಿಡುತ್ತೆ. ಗಟ್ಟಿ ಹಲಗೆ ಬೇಕು. ಹೊಸ ಟಿ-ಶರ್ಟ್‌ನಲ್ಲಿ ಕೈಗೆ ಗೊತ್ತಾಗದಷ್ಟು ಪಸೆ ಇರುತ್ತೆ. ಡಿಸೈನ್ ಇಡುವ ಮೊದಲು ಖಾಲಿ ಬಟ್ಟೆಯನ್ನೇ ಐದಾರು ಸೆಕೆಂಡ್ ಒತ್ತಿ ಅದನ್ನು ಓಡಿಸಬೇಕು.

ಇಷ್ಟೆಲ್ಲ ಸರಿ ಮಾಡಿ ಒಂದು ಸ್ಯಾಂಪಲ್ ಹಾಕಿ ಅವ್ವನ ಕೈಗೆ ಕೊಟ್ಟೆ. ಪೇಪರ್ ಪ್ಯಾಕೆಟ್ ಮೇಲೆ ತಣ್ಣೀರಲ್ಲಿ, ಒಳಮಗ್ಗುಲು ಹೊರಗೆ ಮಾಡಿ, ಮೆಲ್ಲಗೆ ಒಗೆಯಿರಿ ಅಂತ ಬರೆದಿತ್ತು. ಓದಿ ಹೇಳಿದೆ. ಅವ್ವ ಟಿ-ಶರ್ಟ್ ತಿರುಗಿಸಿ ನೋಡಿ, “ಯಪ್ಪಾ, ಬೆವರಿನ ಅಂಗಿ ಮೆಲ್ಲಕ ಒಗೆದ್ರ ಕೊಳೆ ಹೋಗ್ತೈತೇನು?” ಅಂದಳು. ಬ್ರಷ್ ಹಾಕಿದಳು, ಕಲ್ಲಿಗೆ ಎತ್ತಿ ಒಗೆದಳು, ನಮ್ಮ ಬೋರ್‌ವೆಲ್ ನೀರಲ್ಲಿ ಜಾಲಿಸಿ ಬಿಸಿಲಿಗೆ ಹಾಕಿದಳು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಆಟೋದವರ ಮನೆಯಲ್ಲೂ ಹೀಗೇ ಒಗೆದಿರುತ್ತಾರೆ, ಅಲ್ವಾ? ಅವರೇನೂ ತಪ್ಪು ಮಾಡಿರಲಿಲ್ಲ. ನಾನು ಮಾಡಿದ ಮಾಲು ನಮ್ಮ ಕಲ್ಲಿಗೆ ತಡೆಯುವಂಥದ್ದಾಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಒತ್ತಿದ ಮೇಲೆ ಕನಿಷ್ಠ 24 ಗಂಟೆ ನೀರು ಸೋಕಿಸಬಾರದು. ನಾನು ರಾತ್ರಿ ಒತ್ತಿದ್ದನ್ನು ಅವರು ಹಗಲು ಮೆರವಣಿಗೆಗೆ ಹಾಕಿಕೊಂಡು ಸಂಜೆಗೇ ನೆನೆಸಿದ್ದರು. ಆ ಮಾತನ್ನು ನಾನು ಹೇಳಿರಲೇ ಇಲ್ಲ.

ಆಮೇಲೆ ಬಿಸಿ ತಟ್ಟೆಯಿಂದ ಒತ್ತುವ ಹೀಟ್ ಪ್ರೆಸ್ ಮೆಷಿನ್ ತಗೊಂಡೆ, 15 ಇಂಚಿಗೆ 15 ಇಂಚಿನದು. ಅದಕ್ಕೆ ದಪ್ಪ ಪಿನ್ನಿನ ಪವರ್ ಸಾಕೆಟ್ಟೇ ಬೇಕು, ಫ್ಯಾನಿನ ಬೋರ್ಡಿಗೆ ಚುಚ್ಚಬೇಡಿ. ವೋಲ್ಟೇಜ್ ಇಳಿದಾಗ ಬಿಸಿ ಏರಲು ತಡವಾಗುತ್ತೆ, ಅದಕ್ಕೇ ಒಂದು ಒತ್ತಿದ ಮೇಲೆ ಅಂಕಿ ಮತ್ತೆ ಮೇಲೆ ಬರುವವರೆಗೂ ಕಾಯುತ್ತೇನೆ. ಈಗ ಹೆಚ್ಚಾಗಿ ಡಿಟಿಎಫ್ ಫಿಲ್ಮ್ ಬಳಸುತ್ತೇನೆ, ಅಂದರೆ ಡಿಸೈನ್ ಮತ್ತು ಅದರ ಅಂಟು ಎರಡೂ ಇರುವ ಪ್ಲಾಸ್ಟಿಕ್ ಹಾಳೆ. ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿ ತಂದು ಮನೆಯಲ್ಲಿ ಒತ್ತುವುದು. ನಾನು ತರುವ ಫಿಲ್ಮ್‌ಗೆ 155 ಡಿಗ್ರಿ, 15 ಸೆಕೆಂಡ್. ಪೂರ್ತಿ ತಣ್ಣಗಾದ ಮೇಲೆ ಫಿಲ್ಮ್ ಎಳೆದು, ಬಟರ್ ಪೇಪರ್ ಇಟ್ಟು ಇನ್ನೊಂದು ಸಲ ಒತ್ತುತ್ತೇನೆ. ಈ ಎರಡನೇ ಸಲದ ಒತ್ತನ್ನು ಯಾರೂ ಬಿಡಬೇಡಿ. ಪ್ರಿಂಟ್ ಅಂಗಡಿಗೆ ಫೈಲ್ ಕೊಡುವಾಗ ಅಕ್ಷರಗಳನ್ನು ಕರ್ವ್ ಮಾಡಿಯೇ, ಅಂದರೆ ಫಾಂಟ್ ಬೇಡದ ಚಿತ್ರರೇಖೆಗಳಾಗಿ ಬದಲಿಸಿಯೇ ಕೊಡಿ. ಇಲ್ಲದಿದ್ದರೆ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಏನೇನೋ ಆಗಿ ತೆರೆದುಕೊಳ್ಳುತ್ತೆ. ಒತ್ತಕ್ಷರಗಳನ್ನು ಸ್ವಲ್ಪ ದಪ್ಪ ಇಡಿ. ತೆಳು ಬಾಲಗಳೇ ಮೊದಲು ಏಳುವುದು. ಧೂಳಿನ ಬಗ್ಗೆಯೂ ಹೇಳಬೇಕು. ನಮ್ಮ ಕಡೆ ಅದಿರು ಲಾರಿ ಓಡಾಡುವ ರಸ್ತೆಗಳ ಕೆಂಪು ಧೂಳು ಮನೆಯೊಳಗೂ ಬರುತ್ತೆ. ಒಂದು ಕಣ ಫಿಲ್ಮ್ ಕೆಳಗೆ ಉಳಿದರೂ ಅಲ್ಲಿ ಗುಳ್ಳೆ ಏಳುತ್ತೆ. ಕಿಟಕಿ ಮುಚ್ಚಿ, ಅಂಟಿನ ರೋಲರ್ ಆಡಿಸಿಯೇ ಕೆಲಸ ಶುರು ಮಾಡುತ್ತೇನೆ.

ಯೂನಿಟ್‌ನಲ್ಲಿ ಕಲಿತದ್ದು ಒಂದು ಕಡೆ ಮಾತ್ರ ನೇರವಾಗಿ ಉಪಯೋಗಕ್ಕೆ ಬಂತು, ಅದೂ ಒಂದು ಪೆಟ್ಟು ತಿಂದ ಮೇಲೆ. ಕಬಡ್ಡಿ ಹುಡುಗರ ಕೆಂಪು ಜೆರ್ಸಿಗೆ ಬಿಳಿ ನಂಬರ್ ಹಾಕಿದ್ದೆ. ಎರಡೇ ದಿನದಲ್ಲಿ ಬಿಳಿ ಗುಲಾಬಿಯಾಯಿತು. ಪಾಲಿಯೆಸ್ಟರ್‌ನ ಬಣ್ಣ ಜಾಸ್ತಿ ಬಿಸಿಗೆ ಎದ್ದು ಮೇಲಿನ ಪದರಕ್ಕೆ ಹತ್ತುತ್ತೆ. ಈಗ ಬಟ್ಟೆ ಯಾವುದು ಅಂತ ತಿಳಿಯದೆ ಡಿಸೈನ್ ಮಾತೇ ಆಡುವುದಿಲ್ಲ. ಯೂನಿಟ್‌ನಲ್ಲಿ ಕಲಿತ ಹಾಗೆ ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿ ಹಚ್ಚುತ್ತೇನೆ. ಕಾಟನ್ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ. ಮಣಿಯಾದರೆ ಬಿಸಿ ಇಳಿಸಿ, ಕಡಿಮೆ ಬಿಸಿಗೆ ಕೂರುವ ಫಿಲ್ಮ್ ತರುತ್ತೇನೆ. ಬಿಳಿ ಪಾಲಿಯೆಸ್ಟರ್ ಆದರೆ ಸಬ್ಲಿಮೇಷನ್‌ಗೇ, ಅಂದರೆ ಬಿಸಿಗೆ ಬಣ್ಣ ಆವಿಯಾಗಿ ಎಳೆಯೊಳಗೇ ಇಳಿಯುವ ಪ್ರಿಂಟ್‌ಗೇ ಕಳಿಸುತ್ತೇನೆ. ಆದರೆ ಸಬ್ಲಿಮೇಷನ್ ಬಣ್ಣ ಬರೀ ಕಾಟನ್ ಮೇಲೆ ನಿಲ್ಲುವುದಿಲ್ಲ, ಯಾರು ಏನೇ ಹೇಳಲಿ.

ಅದೇ ಆಟೋ ಸ್ಟ್ಯಾಂಡ್‌ನವರು ಈ ಸಲ ಮತ್ತೆ ಬಂದರು. ಅಡ್ವಾನ್ಸ್ ತಗೊಳ್ಳಲಿಲ್ಲ. ಒಂದು ಸ್ಯಾಂಪಲ್ ಕೊಟ್ಟು, “ನಾಳೆ ಒಂದಿನ ಹಾಗೇ ಇಡ್ರಿ. ಆಮೇಲೆ ನಿಮ್ಮ ಮನ್ಯಾಗ ಹೆಂಗ ಒಗೀತಾರೋ ಹಂಗ ಐದು ಸಲ ಒಗೆಸಿ ತರ್ರಿ,” ಅಂದೆ. ಎರಡು ವಾರ ಬಿಟ್ಟು ತಂದರು. ಹಳದಿ ಬಟ್ಟೆ ಸ್ವಲ್ಪ ಮಾಸಿತ್ತು, ‘ಳ್ಳಾ’ದ ಒತ್ತು ಜಾಗದಲ್ಲೇ ಇತ್ತು. ಅಕ್ಷರ ಇನ್ನೊಂದು ಇಂಚು ದೊಡ್ಡದಾಗಲಿ ಅಂದರು.